ನಾನೂರು ದಿನದ ಲೆಕ್ಕ



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ಭಾನುವಾರ ನಮ್ಮ ಬೇಗೂರಿನಲ್ಲಿ ಒಬ್ಬ ತಂಗಿ ಸಿಕ್ಕಿದ್ದಳು. ರಾಯಚೂರು ಕಡೆಯವಳು. ಮೇಸ್ತ್ರಿಯೊಬ್ಬ ಮುಂಗಡ ಕೊಟ್ಟು ಗಂಡ-ಹೆಂಡ್ತಿ ಇಬ್ಬರನ್ನೂ ಇಟ್ಟಿಗೆ ಗೂಡಿಗೆ ಕರ್ಕೊಂಡು ಬಂದಿದ್ದ. ಆಮೇಲೆ ಕೂಲಿನೂ ಇಲ್ಲ, ಊರಿಗೆ ಹೋಗೋಕೂ ಬಿಡಲಿಲ್ಲ. ಈಗ ಬಿಡುಗಡೆ ಪತ್ರ ಕೈಯಲ್ಲಿದೆ, ಕೇಸು ನಡೀತಿದೆ. ಅವಳು ಕೇಳಿದ್ದು ಒಂದೇ ಮಾತು:

"ಅಣ್ಣಾರ, ನಾಳಿ ಕೋರ್ಟಿನವ್ರು ಆ ಮಾಲಕಗ ದಂಡ ಹಾಕಿದ್ರ, ಆ ರೊಕ್ಕ ಯಾರಿಗೆ ಹೋಗ್ತದ್ರಿ?"

ನನಗೆ ತಟ್ಟನೆ ಉತ್ತರ ಹೊಳೀಲಿಲ್ಲ. ನಾನು ಲಾಯರ್ ಅಲ್ಲ. ಬಿಎ ಮಾಡಿ ಗುಮಾಸ್ತನಾದವನು. ಆದರೆ ಕಾಗದ ಓದೋದೇ ನನ್ನ ಕೆಲಸ. ಒಂದು ವಾರ ರಾತ್ರಿ ಕೂತು ಓದಿದೆ. ಓದಿದ್ದನ್ನ ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ನಮ್ಮೂರಿನ ಕಲ್ಲಿನಿಂದಲೇ ಶುರು ಮಾಡ್ತೀನಿ. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಬಂದವರು "ಬೆಂಗಳೂರು" ಅನ್ನೋ ಹೆಸರಿರುವ ಶಾಸನ ನೋಡಿ ಫೋಟೊ ತೆಗೆಸ್ಕೊಳ್ತಾರೆ. ಸುಮಾರು ಕ್ರಿ.ಶ. 890ರದು. ಇದೇ ಬೇಗೂರಿನ ಇನ್ನೊಂದು ವೀರಗಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಗಂಗರ ಎರೆಯಪ್ಪನ ಕಾಲದಲ್ಲಿ ನಾಗತ್ತರ ಯುದ್ಧದಲ್ಲಿ ಸತ್ತ. ಎರೆಯಪ್ಪ ಇರುಗ ಅನ್ನೋನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಊರುಗಳನ್ನ ಕೊಟ್ಟ ಅಂತ ಅದರಲ್ಲಿ ಕೆತ್ತಿದ್ದಾರೆ. ಬೆಂಪೂರು ಅಂದ್ರೆ ನಮ್ಮ ಬೇಗೂರೇ.

ಅಂದ್ರೆ ನಷ್ಟಕ್ಕೆ ಪರಿಹಾರ ಕೊಡಬೇಕು ಅನ್ನೋ ಮಾತು ಈ ನೆಲಕ್ಕೆ ಹೊಸದಲ್ಲ. ದೊರೆಗೋಸ್ಕರ ಪ್ರಾಣ ಕೊಟ್ಟರೆ ಹನ್ನೆರಡು ಊರು. ಆ ಹನ್ನೆರಡು ಊರಲ್ಲಿ ಗದ್ದೆ ಉತ್ತು ಕೆರೆ ಕಟ್ಟಿದವರಿಗೆ ಏನು ಸಿಕ್ತು ಅಂತ ಯಾವ ಕಲ್ಲೂ ಹೇಳಲ್ಲ.

ಸಾವಿರ ವರ್ಷ ಆದ್ಮೇಲೆ ಇದೇ ಹೋಬಳಿಯಲ್ಲಿ ನಮ್ಮ ತಾತ ಜೀತಕ್ಕಿದ್ರು. ಮದುವೆಗೆ ಅಂತ ತಗೊಂಡ ಇನ್ನೂರು ರೂಪಾಯಿ ಸಾಲ. ಬೆಳಗಿನ ಜಾವ ಕೊಟ್ಟಿಗೆ ಬಾಚೋದರಿಂದ ಹಿಡಿದು ರಾತ್ರಿ ಹೊಲ ಕಾಯೋವರೆಗೂ ಚಾಕರಿ. ಹೊಟ್ಟೆಗೆ ಮುದ್ದೆ, ವರ್ಷಕ್ಕೊಂದು ಪಂಚೆ. ಸಾಲ ಮಾತ್ರ ಇಳೀಲೇ ಇಲ್ಲ. 1979ರ ಯುಗಾದಿ ಹೊತ್ತಿಗೆ ಹೋರಾಟದ ಹುಡುಗರು ಕೇರಿಗೆ ಬಂದು "ಜೀತ ರದ್ದಾಗಿದೆ ತಾತ, ಸಾಲಾನೂ ರದ್ದು" ಅಂತ ಓದಿ ಹೇಳಿದ ಮೇಲೆ ತಾತ ಆ ಮನೆ ಬಾಗಿಲಿಗೆ ಹೋಗೋದು ಬಿಟ್ಟರು.

ಆದ್ರೆ ಜೀತ ರದ್ದಾಗಿದ್ದು ಆ ಯುಗಾದಿಗಲ್ಲ. ಸಂವಿಧಾನದ 23ನೇ ವಿಧಿ 1950ರಲ್ಲೇ ಮನುಷ್ಯರ ಮಾರಾಟ, ಬಿಟ್ಟಿ ಚಾಕರಿ ಎರಡನ್ನೂ ಒಂದೇ ಸಾಲಿನಲ್ಲಿ ನಿಷೇಧ ಮಾಡಿತ್ತು. ಅದಕ್ಕೊಂದು ಪೂರ್ತಿ ಕಾನೂನು ಬರೋಕೆ ಇಪ್ಪತ್ತೈದು ವರ್ಷ ಬೇಕಾಯ್ತು. ಜೀತ ಪದ್ಧತಿ ರದ್ದತಿ ಕಾಯ್ದೆ 1976ರದು, 1975ರ ಅಕ್ಟೋಬರ್ 25ರಿಂದಲೇ ಜಾರಿ.

ಆ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿ ತಂಗಿಯ ಪ್ರಶ್ನೆಗೆ ಮೊದಲ ಉತ್ತರ ಸಿಕ್ತು. ಜೀತ ಮಾಡಿಸಿದವನಿಗೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ವಸೂಲಾದ ದಂಡದಲ್ಲಿ, ದುಡಿಸ್ಕೊಂಡ ಒಂದೊಂದು ದಿನಕ್ಕೆ ಐದು ರೂಪಾಯಿಯಂತೆ ಜೀತದಾಳಿಗೆ ಕೊಡಬೇಕು.

ಓದಿದಾಗ ಖುಷಿಯಾಯ್ತು. ಅಪರಾಧಿಯ ಜೇಬಿನಿಂದಲೇ ನಮ್ಮವರ ಕೂಲಿ! ಆಮೇಲೆ ಗುಮಾಸ್ತನ ಬುದ್ಧಿ, ಲೆಕ್ಕ ಹಾಕಿದೆ.

ಎರಡು ಸಾವಿರವನ್ನ ಐದರಿಂದ ಭಾಗಿಸಿ. ನಾನೂರು.

ನಾನೂರು ದಿನ, ಅಷ್ಟೇ. ಕಾನೂನು ಜಾರಿಯಾದ ದಿನದಿಂದ 1979ರ ಯುಗಾದಿವರೆಗೆ ನಮ್ಮ ತಾತ ದುಡಿದಿದ್ದು ಸುಮಾರು 1250 ದಿನ. ದಿನಕ್ಕೆ ಐದರಂತೆ 6250 ರೂಪಾಯಿ. ಈ ಸೆಕ್ಷನ್ನಿನಲ್ಲಿ ಧಣಿ ಕೊಡಬೇಕಾದ ಪೂರ್ತಿ ದಂಡ 2000. ಮಿಕ್ಕ 850 ದಿನದ ಬೆವರು ಯಾವ ಖಾತೆಗೂ ಬರಲ್ಲ. ಜೀತ ತಪ್ಪು ಅಂತ ಹೇಳಿದ ಕಾನೂನೇ ನಾನೂರನೇ ದಿನದ ಮೇಲಿನದ್ದನ್ನ ಧಣಿಗೆ ಬಿಟ್ಟಿ ಕೊಟ್ಟಿತು. ಆ ಎರಡು ಸಾವಿರ, ಆ ಐದು ರೂಪಾಯಿ ಇವತ್ತಿಗೂ ಹಾಗೇ ಇವೆ.

ಅದೂ "ವಸೂಲಾದರೆ" ಮಾತ್ರ. ನಮ್ಮ ತಾತನ ವಿಷಯದಲ್ಲಿ ಕೇಸೇ ಆಗಲಿಲ್ಲ. ಒಂದು ಪೈಸೆನೂ ಬರಲಿಲ್ಲ.

ಇದು ನಮ್ಮ ದೇಶದ್ದೊಂದೇ ಕಥೆಯಲ್ಲ. 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದಾಗ ಎರಡು ಕೋಟಿ ಪೌಂಡ್ ಪರಿಹಾರ ತೆಗೆದಿಟ್ಟಿತು. ಕೊಟ್ಟಿದ್ದು ಗುಲಾಮರಿಗಲ್ಲ, "ಆಸ್ತಿ ಕಳ್ಕೊಂಡ" ಮಾಲೀಕರಿಗೆ. ಅದಕ್ಕೆ ಹೋಲಿಸಿದರೆ ನಮ್ಮ ಐದು ರೂಪಾಯಿ ದಿಕ್ಕನ್ನಾದರೂ ಸರಿಯಾಗಿ ಹಿಡಿದಿತ್ತು ಅನ್ನಬೇಕು. ದಂಡ ಧಣಿಯಿಂದ, ದುಡ್ಡು ದುಡಿದವನಿಗೆ.

ದಂಡ ನಂಬಿ ಕೂತರೆ ಆಗಲ್ಲ ಅಂತ ಸರ್ಕಾರಕ್ಕೂ ಬೇಗ ಗೊತ್ತಾಯ್ತು. 1978ರಲ್ಲಿ ಕೇಂದ್ರದ ಪುನರ್ವಸತಿ ಯೋಜನೆ ಬಂತು, ಒಬ್ಬರಿಗೆ ನಾಲ್ಕು ಸಾವಿರ. 1983ರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಕೇಸು, ಮರುವರ್ಷ ನೀರಜಾ ಚೌಧರಿ ಕೇಸು. ಎರಡರಲ್ಲೂ ಸುಪ್ರೀಂ ಕೋರ್ಟ್ ಒತ್ತಿ ಹೇಳಿದ್ದು ಇದನ್ನೇ: ಬಿಡಿಸಿದ ಮೇಲೆ ಬದುಕೋಕೆ ದಾರಿ ಮಾಡದಿದ್ದರೆ ಅವರು ಮತ್ತೆ ಜೀತಕ್ಕೇ ಬೀಳ್ತಾರೆ.

ದಂಡದ ದುಡ್ಡನ್ನೇ ನಿಧಿ ಮಾಡೋ ದಾರಿ ಮಕ್ಕಳ ವಿಷಯದಲ್ಲಿ ತೆರೀತು. 1996ರ ಡಿಸೆಂಬರ್‌ನಲ್ಲಿ ಎಂ.ಸಿ. ಮೆಹ್ತಾ ಕೇಸಿನ ತೀರ್ಪು. ಅಪಾಯದ ಕೆಲಸಕ್ಕೆ ಮಗು ಇಟ್ಕೊಂಡ ಮಾಲೀಕ ಒಂದೊಂದು ಮಗುವಿಗೆ ಇಪ್ಪತ್ತು ಸಾವಿರ ರೂಪಾಯಿ ಕಲ್ಯಾಣ ನಿಧಿಗೆ ಕಟ್ಟಬೇಕು. 2016ರ ಬಾಲಕಾರ್ಮಿಕ ತಿದ್ದುಪಡಿ ಇದನ್ನ ಕಾನೂನಿನೊಳಗೇ ತಂದಿತು. ಮಾಲೀಕನ ದಂಡ ನಿಧಿಗೆ ಹೋಗುತ್ತೆ, ಅದರ ಜೊತೆಗೆ ಒಂದು ಮಗುವಿಗೆ ಹದಿನೈದು ಸಾವಿರ ಸರ್ಕಾರವೂ ಹಾಕಬೇಕು.

ಅದೇ 2016ರಲ್ಲಿ ಜೀತ ವಿಮುಕ್ತರ ಯೋಜನೆಯೂ ಬದಲಾಯ್ತು. ಗಂಡಸರಿಗೆ ಒಂದು ಲಕ್ಷ, ಹೆಂಗಸರು ಮಕ್ಕಳಿಗೆ ಎರಡು ಲಕ್ಷ, ಕಳ್ಳಸಾಗಣೆ ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಗಳಲ್ಲಿ ಮೂರು ಲಕ್ಷ. ಬಿಡುಗಡೆಯಾದ ತಕ್ಷಣ ಕೊಡೋ ನೆರವು ಆಗ ಇಪ್ಪತ್ತು ಸಾವಿರ, ಈಗ ಮೂವತ್ತು ಸಾವಿರದವರೆಗೆ. ಪ್ರತಿ ಜಿಲ್ಲೆಯಲ್ಲಿ ಡಿಸಿ ಕೈಯಲ್ಲಿ ಕನಿಷ್ಠ ಹತ್ತು ಲಕ್ಷದ ಪುನರ್ವಸತಿ ನಿಧಿ ಇರಬೇಕು. ಜೀತ ಮಾಡಿಸಿದವರಿಂದ ವಸೂಲಾದ ದಂಡವನ್ನ ಆ ನಿಧಿಗೆ ಹಾಕಬಹುದು.

ಇದು ಎರಡನೇ ಉತ್ತರ. ಇಲ್ಲೊಂದು ಎಚ್ಚರ ಬೇಕು. 1976ರಲ್ಲಿ ದಂಡ ಅಂದ್ರೆ ದುಡಿದವನ ಕೂಲಿ. 2016ರಲ್ಲಿ ಅದು ಜಿಲ್ಲೆಯ ನಿಧಿ. ನಿಧಿ ಒಳ್ಳೇದೇ, ಎಷ್ಟೋ ಕೇಸಲ್ಲಿ ದಂಡವೇ ಬರಲ್ಲ, ಅವರಿಗೂ ಆಸರೆ ಬೇಕು. ಆದ್ರೆ ಕೂಲಿ ಹಕ್ಕು, ನೆರವು ಬೇರೆ. ಒಂದನ್ನ ತೋರಿಸಿ ಇನ್ನೊಂದನ್ನ ಕಿತ್ಕೊಳ್ಳಬಾರದು.

ಹೊರಗಿನವರೂ ಇದೇ ಗಂಟಿನಲ್ಲಿ ಸಿಕ್ಕಿದ್ದಾರೆ. ಅಮೆರಿಕದ 2015ರ ಕಾನೂನಿನಲ್ಲಿ ಮಾನವ ಕಳ್ಳಸಾಗಣೆಯ ಅಪರಾಧಿ ಐದು ಸಾವಿರ ಡಾಲರ್ ಹೆಚ್ಚುವರಿ ಕಟ್ಟಬೇಕು, ಅದು ಸಂತ್ರಸ್ತರ ಸೇವೆಯ ನಿಧಿಗೆ. ಆದ್ರೆ ಅಪರಾಧಿ ಬಡವ ಅಂತಾದ್ರೆ ಕಟ್ಟಬೇಕಿಲ್ಲ. ನಮ್ಮಲ್ಲೂ ಸಿಕ್ಕಿಬೀಳೋದು ಹೆಚ್ಚಾಗಿ ಮೇಸ್ತ್ರಿ. ಇಟ್ಟಿಗೆಯಿಂದ ಲಾಭ ಮಾಡಿದವನು ಹಿಂದೆ ಇರ್ತಾನೆ.

ಇನ್ನು ಕಾಲದ ಮಾತು. ಯಾವುದೇ ಕ್ರಿಮಿನಲ್ ಕೇಸಲ್ಲಿ ಕೋರ್ಟು ದಂಡದಿಂದ ನೊಂದವರಿಗೆ ಪರಿಹಾರ ಕೊಡಿಸಬಹುದು. ಹಳೇ ಸಿಆರ್‌ಪಿಸಿ 357, ಈಗಿನ ಬಿಎನ್‌ಎಸ್‌ಎಸ್ 395. ಆದ್ರೆ ಅಪೀಲಿನ ಗಡುವು ಮುಗಿಯೋವರೆಗೆ, ಅಪೀಲು ಹಾಕಿದ್ರೆ ಅದು ತೀರ್ಮಾನ ಆಗೋವರೆಗೆ ದುಡ್ಡು ಕೈಗೆ ಬರಲ್ಲ. ಅಲ್ಲೀವರೆಗೆ ಆ ತಂಗಿ ಮಗೂಗೆ ಹಾಲು ಎಲ್ಲಿಂದ ತರ್ತಾಳೆ? ಇನ್ನೊಬ್ಬ ಮೇಸ್ತ್ರಿಯ ಮುಂಗಡದಿಂದ. ಜೀತ ಹಂಗೇ ವಾಪಸ್ ಬರೋದು.

ಅದಕ್ಕೇ ನಾನು ಹೇಳೋದು: ದಂಡ ಬರಲೇಬೇಕು, ಆದ್ರೆ ದಂಡ ಬರೋವರೆಗೆ ಊಟ ಕಾಯಬಾರದು. ಮೊದಲು ಸರ್ಕಾರ ಕೊಡಲಿ, ಆಮೇಲೆ ಅಪರಾಧಿಯಿಂದ ವಸೂಲು ಮಾಡ್ಕೊಳ್ಳಲಿ. ಎರಡು ಸಾವಿರದ ಮಿತಿ ಹೋಗಲಿ. ಐದು ರೂಪಾಯಿ ಬದಲು ಆಯಾ ಕಾಲದ ಕನಿಷ್ಠ ಕೂಲಿ, ದುಡಿದ ಅಷ್ಟೂ ದಿನಕ್ಕೆ. ಮೇಸ್ತ್ರಿಯ ಜೊತೆ ಮಾಲೀಕನೂ ಕಟಕಟೆಗೆ ಬರಲಿ.

ಸಂಗಾತಿಗಳೇ, ಲೈಕ್ ಒತ್ತಿ ಮುಂದೆ ಹೋಗಬೇಡಿ. ನಿಮ್ಮ ನಿಮ್ಮ ಜಿಲ್ಲೆಯ ಡಿಸಿ ಆಫೀಸಿಗೆ ಮಾಹಿತಿ ಹಕ್ಕಿನಲ್ಲಿ ಮೂರೇ ಪ್ರಶ್ನೆ ಹಾಕಿ.

ಒಂದು, ಜೀತ ವಿಮುಕ್ತರ ಪುನರ್ವಸತಿ ನಿಧಿಯಲ್ಲಿ ಇವತ್ತು ಎಷ್ಟು ದುಡ್ಡಿದೆ?
ಎರಡು, 2016ರಿಂದ ಈಚೆಗೆ ಅಪರಾಧಿಗಳ ದಂಡದಿಂದ ಅದಕ್ಕೆ ಎಷ್ಟು ಜಮಾ ಆಗಿದೆ?
ಮೂರು, ಜಾಗೃತಿ ಸಮಿತಿಯ ಸಭೆ ಕೊನೇ ಸಲ ಯಾವತ್ತು ಸೇರಿತ್ತು?

ನಾನು ನಾಳೆ ಬೆಳಗ್ಗೆ ಅರ್ಧ ದಿನ ರಜೆ ಹಾಕಿ ನಮ್ಮ ಜಿಲ್ಲೆಯ ಅರ್ಜಿ ಕೊಡ್ತಿದ್ದೀನಿ. ಉತ್ತರ ಬಂದ ದಿನ ಇಲ್ಲೇ ಹಾಕ್ತೀನಿ. ಆ ತಂಗಿಗೂ ಓದಿ ಹೇಳ್ತೀನಿ.

ಜೈ ಭೀಮ್.