ಎಣ್ಣೆಗಾಯಿಯೊಳಗಿನ ಶೇಂಗಾ: ರಾಯಚೂರು ಸೀಮೆಯ ಊಟ ಮತ್ತು ಆಹಾರ ಅಲರ್ಜಿ

ಪೀಠಿಕೆ

ರಾಯಚೂರು ಸೀಮೆಯಲ್ಲಿ ಊಟಕ್ಕೆ ಕೂತವರ ತಾಟಿಗೆ ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಬೀಳುತ್ತವೆ. ಬೆಳಗಿನ ನಾಷ್ಟಾಕ್ಕೆ ಪುಟಾಣಿ ಪುಡಿ ಉದುರಿಸಿದ ಮಂಡಾಳು ಒಗ್ಗರಣೆ, ಪಕ್ಕದಲ್ಲಿ ಕಡಲೆಹಿಟ್ಟಿನ ಮಿರ್ಚಿ. ಇದನ್ನೇ ಉಂಡು ಬೆಳೆದವರಲ್ಲಿ ಕೆಲವರಿಗೆ ಒಂದಿಲ್ಲೊಂದು ಪದಾರ್ಥ ಮೈಗೆ ಆಗಿಬರುವುದಿಲ್ಲ. ತುಟಿ ಊದುತ್ತದೆ, ಮೈಮೇಲೆ ಗಂಧೆ ಏಳುತ್ತವೆ, ವಾಂತಿಯಾಗುತ್ತದೆ. ಅಪರೂಪಕ್ಕೆ ಉಸಿರು ಕಟ್ಟಿ ಜೀವಕ್ಕೇ ಸಂಚಕಾರ ಬರುತ್ತದೆ.

ಪ್ರಕಟಿತ ಅಧ್ಯಯನಗಳನ್ನು ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಗಳ ಅಡುಗೆಯ ಕ್ರಮದೊಂದಿಗೆ ಜೋಡಿಸಿ ಓದುವ ಪ್ರಯತ್ನ ಈ ಲೇಖನ. ಇದರ ವಾದ ಇಷ್ಟು: ಕಾರಣ ಖಚಿತವಾಗದೆ ಆಹಾರ ಬಿಡಿಸುವ ರೂಢಿ ನಿಲ್ಲಬೇಕು, ಖಚಿತವಾದ ಅಲರ್ಜಿಯ ಹೊಣೆಯನ್ನು ರೋಗಿಯೊಬ್ಬರ ಮೇಲೆ ಹೊರಿಸದೆ ಮನೆ, ಗಿರಣಿ, ಶಾಲೆ, ಆರೋಗ್ಯ ಕೇಂದ್ರಗಳು ಹಂಚಿಕೊಳ್ಳಬೇಕು.

ರಕ್ತದಲ್ಲಿ ಕಂಡದ್ದೆಲ್ಲ ರೋಗವೇ?

ಕರ್ನಾಟಕದ ಮಟ್ಟಿಗೆ ಮಹತ್ವದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಆಹಾರ ಅಲರ್ಜಿ ಕುರಿತ ಯುರೋಪ್ರಿವಾಲ್ ಯೋಜನೆಯ ಅಂಗವಾಗಿ 20ರಿಂದ 54 ವರ್ಷದ 11,791 ಮಂದಿಯನ್ನು ಮೊದಲು ಪ್ರಶ್ನಾವಳಿಯ ಮೂಲಕ ಮಾತನಾಡಿಸಲಾಯಿತು. ಎರಡನೆಯ ಹಂತದಲ್ಲಿ 588 ಮಂದಿಯ ರಕ್ತದಲ್ಲಿ 24 ಆಹಾರಗಳಿಗೆ ಅಲರ್ಜಿ ತರಬಲ್ಲ ಐಜಿಇ ಪ್ರತಿಕಾಯಗಳಿವೆಯೇ ಎಂದು ಪರೀಕ್ಷಿಸಲಾಯಿತು. ಅಂಥ ಪ್ರತಿಕಾಯವಿದ್ದವರ ಪ್ರಮಾಣ ಶೇ. 26.5. ಅದೇ ಆಹಾರ ತಿಂದಾಗ ತೊಂದರೆಯನ್ನೂ ಅನುಭವಿಸುವ, ಅಂದರೆ ಅಲರ್ಜಿ ಇರಬಹುದಾದವರ ಪ್ರಮಾಣ ಮಾತ್ರ ಶೇ. 1.2. ಅದರಲ್ಲೂ ಹೆಚ್ಚಿನ ಪಾಲು ಹಸುವಿನ ಹಾಲು ಮತ್ತು ಸೇಬಿನದು.

ಈ ಅಂತರವನ್ನು ಗಮನಿಸಬೇಕು. ಪರೀಕ್ಷೆಯಲ್ಲಿ ಪ್ರತಿಕಾಯ ಕಂಡವರಲ್ಲಿ ಬಹುತೇಕರು ಆ ಆಹಾರವನ್ನು ನಿರಾತಂಕವಾಗಿ ತಿನ್ನುತ್ತಿದ್ದಾರೆ. ಒಟ್ಟು ಐಜಿಇ ಮಟ್ಟ ಹೆಚ್ಚಿದ್ದವರಲ್ಲೇ ಇಂಥ ಫಲಿತಾಂಶ ಹೆಚ್ಚು. ಹೊಟ್ಟೆಹುಳುವಿನ ಸೋಂಕು ಕೂಡ ಆ ಮಟ್ಟವನ್ನು ಏರಿಸಬಲ್ಲದು. ಪರಾಗದ ಪಾತ್ರವೂ ಇದೆ. ರಾಯಚೂರಿನ ಹಳ್ಳದ ದಂಡೆ, ರಸ್ತೆಬದಿಗಳನ್ನು ಆವರಿಸಿರುವ ಬಳ್ಳಾರಿ ಜಾಲಿಯ ಪರಾಗಕ್ಕೂ ದ್ವಿದಳ ಕಾಳಾದ ಡಬಲ್ ಬೀನ್ಸ್‌ಗೂ ಸಮಾನ ಅಲರ್ಜಿಕಾರಕ ಪ್ರೋಟೀನುಗಳಿರುವುದನ್ನು ಭಾರತೀಯ ಸಂಶೋಧಕರು ತೋರಿಸಿದ್ದಾರೆ. ಜಾಲಿಯ ಪರಾಗಕ್ಕೆ ಸೀನುವವರ ರಕ್ತ ಕಾಳಿನ ಪರೀಕ್ಷೆಯಲ್ಲೂ ಪ್ರತಿಕ್ರಿಯಿಸಬಹುದು.

ಹತ್ತಾರು ಪದಾರ್ಥಗಳ ಎದುರು ಗುರುತು ಹಾಕಿದ ಒಂದು ವರದಿ ಹಿಡಿದು ತೊಗರಿ, ಕಡಲೆ, ಶೇಂಗಾ, ಹಾಲು ಎಲ್ಲವನ್ನೂ ಬಿಡಿಸಿದರೆ, ಬೇಳೆಯಿಂದಲೇ ಪ್ರೋಟೀನು ಪಡೆಯುವ ಮನೆಯ ಮಗುವಿಗೆ ಉಳಿಯುವುದೇನು? ಅಪೌಷ್ಟಿಕತೆಯಿಂದ ಬಳಲುವ ಜಿಲ್ಲೆಯಲ್ಲಿ ಅನಗತ್ಯ ಪಥ್ಯ ಸಣ್ಣ ಹಾನಿಯಲ್ಲ.

ತಪ್ಪು ಯಾರದು, ಹೊರೆ ಯಾರಿಗೆ?

ಬದನೆಕಾಯಿ ನಂಜು ಎಂಬ ನಂಬಿಕೆ ಹಳೆಯದು. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಮೈಸೂರಿನ ಸಂಶೋಧಕರು 741 ಮಂದಿಯ ನಡುವೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ. 10ರಷ್ಟು ಜನ ಬದನೆ ತಿಂದ ಬಳಿಕ ಅಲರ್ಜಿಯಂಥ ಲಕ್ಷಣಗಳನ್ನು ಹೇಳಿಕೊಂಡರು. ಎರಡು ಗಂಟೆಯೊಳಗೆ ಲಕ್ಷಣ ಕಾಣಿಸಿದ್ದು ಶೇ. 1.4 ಮಂದಿಗೆ. ಬದನೆಯಲ್ಲಿ ಸಹಜವಾಗಿಯೇ ಇರುವ ಹಿಸ್ಟಮಿನ್ ಕೂಡ ತುರಿಕೆ ತರಬಲ್ಲದು. ಅಂಥ ತುರಿಕೆಯನ್ನು ಪ್ರತಿಕಾಯದಿಂದಾಗುವ ಅಲರ್ಜಿಯ ಲೆಕ್ಕಕ್ಕೆ ಸೇರಿಸಲಾಗದು.

ಈಗ ನಮ್ಮ ಎಣ್ಣೆಗಾಯಿಯನ್ನು ಬಿಡಿಸಿ ನೋಡೋಣ. ಎಳೆಯ ಮುಳ್ಳುಬದನೆಯನ್ನು ತೊಟ್ಟು ಉಳಿಸಿ ನಾಲ್ಕಾಗಿ ಸೀಳಿ, ಹುರಿದು ಕುಟ್ಟಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಹುಣಸೆಹುಳಿ, ಬೆಲ್ಲ, ಖಾರ ಕಲಸಿ ತುಂಬುತ್ತಾರೆ. ಉಂಡವರಿಗೆ ತುಟಿ ಊದಿದರೆ ಅಪವಾದ ಬರುವುದು ಬದನೆಯ ಮೇಲೆ. ಆದರೆ ಒಳಗಿರುವ ಶೇಂಗಾ ಮತ್ತು ಎಳ್ಳು ಜಗತ್ತಿನಾದ್ಯಂತ ತೀವ್ರ ಅಲರ್ಜಿಗೆ ಹೆಸರಾದ ಪದಾರ್ಥಗಳು. ಬದನೆ ಬಿಟ್ಟವರು ಮರುದಿನ ಶೇಂಗಾ ಹಿಂಡಿ ತಿಂದು ಮತ್ತೆ ಆಸ್ಪತ್ರೆ ಸೇರಬಹುದು. ಹಾಗಾಗಿ ಏನು ತಿಂದರು, ಅದರಲ್ಲಿ ಏನೇನಿತ್ತು, ಎಷ್ಟು ಹೊತ್ತಿಗೆ ಏನಾಯಿತು ಎಂಬುದನ್ನು ಬರೆದಿಡುವುದೇ ರೋಗನಿರ್ಣಯದ ಮೊದಲ ಹೆಜ್ಜೆ. ಖಚಿತಪಡಿಸಿಕೊಳ್ಳಲು ವೈದ್ಯರ ಕಣ್ಣೆದುರಲ್ಲೇ ಅಲ್ಪಾಲ್ಪವಾಗಿ ತಿನ್ನಿಸಿ ನೋಡುವ ಪರೀಕ್ಷೆಯಿದೆ. ಅದನ್ನು ಮನೆಯಲ್ಲಿ ಮಾಡಬಾರದು.

ಎಣ್ಣೆಯ ವಿಚಾರವೂ ಇಲ್ಲಿದೆ. ಶೇಂಗಾ ಅಲರ್ಜಿಯಿದ್ದ 60 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದ 1997ರ ಪ್ರಯೋಗದಲ್ಲಿ ಸಂಸ್ಕರಿಸಿದ ಶೇಂಗಾ ಎಣ್ಣೆಗೆ ಯಾರೂ ಪ್ರತಿಕ್ರಿಯಿಸಲಿಲ್ಲ. ಸಂಸ್ಕರಿಸದ ಎಣ್ಣೆಗೆ ಆರು ಮಂದಿ ಪ್ರತಿಕ್ರಿಯಿಸಿದರು. ಸಂಸ್ಕರಿಸದ ಗಾಣದ ಎಣ್ಣೆ ಉಳಿದವರಿಗೆ ಎಷ್ಟೇ ಹಿತವಾಗಿರಲಿ, ಶೇಂಗಾ ಅಲರ್ಜಿಯಿದ್ದವರು ಅದರಿಂದ ದೂರವಿರಬೇಕು.

ಜೋಳದ ಬಲ, ಗಿರಣಿಯ ತೊಡಕು

ಗೋಧಿಯ ಗ್ಲುಟೆನ್ನಿನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ದಕ್ಷಿಣದಲ್ಲಿ ಕಡಿಮೆ. 23,331 ಮಂದಿಯನ್ನು ಒಳಗೊಂಡ 2016ರ ಅಧ್ಯಯನದ ಪ್ರಕಾರ ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳಿದ್ದವರ ಪ್ರಮಾಣ ಉತ್ತರ ಭಾರತದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10. ಕಾಯಿಲೆಯಿರುವ ಕೆಲವರ ಪಾಲಿಗೆ ಈ ಸೀಮೆಯ ಊಟ ದೊಡ್ಡ ಆಸರೆ. ಜೋಳ, ಸಜ್ಜೆ, ಅಕ್ಕಿಗಳಲ್ಲಿ ಗ್ಲುಟೆನ್ ಇಲ್ಲ. ದೊಡ್ಡ ನಗರಗಳಲ್ಲಿ ದುಬಾರಿ ಪೊಟ್ಟಣದಲ್ಲಿ ಸಿಗುವುದು ಇಲ್ಲಿ ದಿನದ ರೊಟ್ಟಿಯಾಗಿಯೇ ಸಿಗುತ್ತದೆ.

ತೊಡಕಿರುವುದು ಗಿರಣಿಯಲ್ಲಿ. ಹಿಂದಿನವರ ಗೋಧಿ ಬೀಸಿದ ಕಲ್ಲಿಗೇ ನಮ್ಮ ಜೋಳ ಬೀಳುತ್ತದೆ. ಕಲ್ಲಿನ ಸಂದಿಯಲ್ಲೂ ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲೂ ಉಳಿದ ಗೋಧಿಹಿಟ್ಟು ಜೋಳದ ಹಿಟ್ಟಿನೊಂದಿಗೆ ಡಬ್ಬಿಗೆ ಬರುತ್ತದೆ. ಗ್ಲುಟೆನ್‌ಮುಕ್ತ ಎನ್ನಲು ಕಿಲೋಗೆ 20 ಮಿಲಿಗ್ರಾಂ ಮಿತಿಯಿರುವಾಗ ಇಷ್ಟು ಬೆರಕೆಯೂ ಹೆಚ್ಚೇ. ಸೀಲಿಯಾಕ್ ಇರುವವರ ಮನೆಗೆ ಜೋಳಕ್ಕೆಂದೇ ಇರುವ ಗಿರಣಿ ಅಥವಾ ಮನೆಯ ಚಿಕ್ಕ ಗಿರಣಿ ಬೇಕು. ಒಗ್ಗರಣೆಯ ಹಿಂಗಿನ ಡಬ್ಬಿಯನ್ನೂ ಓದಬೇಕು. ಅಂಗಡಿಯ ಹಿಂಗಿಗೆ ಗೋಧಿ ಹಿಟ್ಟು ಬೆರೆಸುವುದು ಸಾಮಾನ್ಯ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರ ಸಂಗತಿ ಬೇರೆ. ಹಾಲಿನ ಸಕ್ಕರೆ ಜೀರ್ಣವಾಗದ ಈ ಸಮಸ್ಯೆಯಲ್ಲಿ ಮೊಸರು, ಮಜ್ಜಿಗೆ ಹೆಚ್ಚಿನವರಿಗೆ ಒಗ್ಗುತ್ತವೆ. ಹಾಲಿನ ಪ್ರೋಟೀನಿಗೆ ಅಲರ್ಜಿಯಿದ್ದವರಿಗೆ ಮಜ್ಜಿಗೆಯೂ ಅಪಾಯ.

ಶಾಲೆಯ ತಾಟು

ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಆರಂಭವಾದಾಗ ಮೊದಲ ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು, 2021ರ ಡಿಸೆಂಬರ್‌ನಲ್ಲಿ ಈ ಭಾಗದ ಶಾಲೆಗಳಿಗೆ ಮೊಟ್ಟೆ ಬಂದವು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಮುಂದೆ ಕೆಲಕಾಲ ಶೇಂಗಾ ಚಿಕ್ಕಿಯೂ ಸೇರಿತ್ತು. ಹಾಲು, ಮೊಟ್ಟೆ, ಶೇಂಗಾ ಮೂರೂ ಮಕ್ಕಳ ಮೈ ತುಂಬಿಸುವ ಆಹಾರ. ಮೂರೂ ಅಲರ್ಜಿಯ ಪಟ್ಟಿಯಲ್ಲಿ ಮುಂದಿರುವಂಥವು. ಅಲರ್ಜಿಯ ಭಯಕ್ಕೆ ಇಂಥ ಆಹಾರವನ್ನು ಶಾಲೆಯಿಂದ ತೆಗೆಯುವ ಮಾತು ಯಾರೂ ಆಡಬಾರದು. ದಾಖಲಾತಿಯ ಹೊತ್ತಿಗೆ ಯಾವ ಆಹಾರದಿಂದ ಏನಾಗಿತ್ತೆಂದು ತಾಯ್ತಂದೆಯರನ್ನು ಕೇಳಿ ಬರೆದುಕೊಂಡು, ಅಡುಗೆ ಸಿಬ್ಬಂದಿಗೆ ಆ ಮಗುವಿನ ಗುರುತು ಹೇಳಿದರೆ ಸಾಕು. ಮೊಟ್ಟೆ ಆಗದ ಮಗುವಿಗೆ ಬದಲಿ ತಿನಿಸು ಕೊಡುವ ಮುನ್ನ ಅದು ಆಗುತ್ತದೆಯೇ ಎಂದು ಕೇಳುವ ಅಭ್ಯಾಸ ಬರಬೇಕು.

ಪೊಟ್ಟಣದ ಆಹಾರಕ್ಕೆ 2020ರ ಲೇಬಲ್ ನಿಯಮಗಳ ರಕ್ಷಣೆಯಿದೆ. ಗ್ಲುಟೆನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ ಮುಂತಾದವನ್ನು ಲೇಬಲ್ಲಿನಲ್ಲಿ ನಮೂದಿಸಬೇಕು. ಆ ಪಟ್ಟಿಯಲ್ಲಿ ಎಳ್ಳು ಇಲ್ಲ, ಕಡಲೆಯೂ ಇಲ್ಲ. ಅಮೆರಿಕ 2023ರ ಜನವರಿಯಿಂದ ತನ್ನ ಪಟ್ಟಿಗೆ ಎಳ್ಳನ್ನು ಸೇರಿಸಿದೆ. ಕಡಲೆ ಈ ಉಪಖಂಡದ ಮುಖ್ಯ ಅಲರ್ಜಿಕಾರಕಗಳಲ್ಲೊಂದೆಂದು ಮುಂಬೈಯ ವೈದ್ಯರು 2001ರಲ್ಲೇ ಬರೆದಿದ್ದಾರೆ. ಇವೆರಡನ್ನೂ ನಮ್ಮ ಪಟ್ಟಿಗೆ ಸೇರಿಸಲೇಬೇಕು.

ಅಡ್ರಿನಲಿನ್

ಉಸಿರಾಟ ಕಟ್ಟುವ, ರಕ್ತದೊತ್ತಡ ಕುಸಿಯುವ ತೀವ್ರ ಅಲರ್ಜಿಗೆ ಮೊದಲ ಮದ್ದು ಅಡ್ರಿನಲಿನ್: ತೊಡೆಯ ಹೊರಬದಿಯ ಸ್ನಾಯುವಿಗೆ, ದೇಹತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂನಂತೆ, ದೊಡ್ಡವರಿಗೆ ಗರಿಷ್ಠ 0.5 ಮಿಲಿಗ್ರಾಂ. ತುರಿಕೆಯ ಮಾತ್ರೆ ಇದರ ಜಾಗ ತುಂಬಲಾರದು. ತಾನೇ ಚುಚ್ಚಿಕೊಳ್ಳುವ ಪೆನ್ ನಮ್ಮಲ್ಲಿ ಸುಲಭಕ್ಕೆ ಸಿಗದು. ಆದರೆ ಔಷಧಿ ಅಗ್ಗ. ಹಾವಿನ ಕಡಿತಕ್ಕೆ ವಿಷನಿರೋಧಕ ಕೊಡುವಾಗ ಪ್ರತಿಕ್ರಿಯೆಯಾದರೆಂದು ಅದನ್ನು ಆರೋಗ್ಯ ಕೇಂದ್ರಗಳಲ್ಲಿ ಇಟ್ಟಿರುತ್ತಾರೆ. ಲಸಿಕೆ ಹಾಕುವ ಕಿಟ್ಟಿನಲ್ಲೂ ಅದಕ್ಕೆ ಜಾಗವಿದೆ. ದೇವದುರ್ಗ, ಮಾನ್ವಿಯ ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಹೊರಟವರ ಜೀವ ದಾರಿಯಲ್ಲೇ ಹೋಗಬಹುದು. ಮೊದಲ ಚುಚ್ಚುಮದ್ದು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಬೀಳಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಕೆಲಸಗಳು ಹೊರಡುತ್ತವೆ. 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಬೋಧನಾ ಆಸ್ಪತ್ರೆ ತಿನ್ನಿಸಿ ನೋಡುವ ಪರೀಕ್ಷೆಗೆ ನಿಗದಿತ ದಿನ ಇಡಬೇಕು. ಅಲ್ಲಿನ ದಾಖಲೆಗಳಿಂದಲೇ ಈ ಸೀಮೆಯ ಅಲರ್ಜಿಯ ಚಿತ್ರ ಮೂಡಬೇಕು. ಶಾಲಾ ದಾಖಲಾತಿಯಲ್ಲಿ ಅಲರ್ಜಿಯ ಕಲಮು ಸೇರಬೇಕು. ಆಹಾರದಿಂದಾಗುವ ತೀವ್ರ ಅಲರ್ಜಿಗೆ ಅಡ್ರಿನಲಿನ್ ಕೊಡುವ ತರಬೇತಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರಿಗೂ ಸಿಗಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ. ಶೇಂಗಾ ಬೆಳೆಯುವ ನೆಲದಲ್ಲಿ ಶೇಂಗಾ ಆಗದ ಮಗುವೂ ಪಂಕ್ತಿಯಲ್ಲಿ ಎಲ್ಲರೊಡನೆ ಕೂತು ಹೊಟ್ಟೆ ತುಂಬ ಉಣ್ಣುವಂತೆ ಮಾಡುವುದು ಈ ಸಮಾಜದ ಕರ್ತವ್ಯ, ಅದು ನಮ್ಮ ಕೈಯಲ್ಲೇ ಇದೆ.