ಒಂದು ಬದುಕು, ಹಲವು ಉದ್ಯೋಗ: ಡಾ. ಫ.ಗು. ಹಳಕಟ್ಟಿ

ಈ ಶಾಲೆಯಲ್ಲಿ ಕೆಲವು ವರ್ಷ ಸಮಾಜ ವಿಜ್ಞಾನ ಕಲಿಸಿದ ನನಗೆ, ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಇತಿಹಾಸ ಲೇಖನ ಬರೆದುಕೊಡಿರೆಂದು ಸಮಿತಿಯವರು ಕೇಳಿದರು. ರಾಜರ, ಯುದ್ಧಗಳ ವಿಷಯ ಬಿಟ್ಟು ಒಬ್ಬರ ದುಡಿಮೆಯ ಚರಿತ್ರೆಯನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ಸಾಲಹಳ್ಳಿ ಹಾಗೂ ಸುತ್ತಲಿನ ಹಳ್ಳಿಗಳಿಂದ ದುಡಿಯಲು ಹೊರಗೆ ಹೋದ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಕೆಲಕಾಲ ಗೌಂಡಿ ಕೆಲಸ, ಮುಂದೆ ಡ್ರೈವರ್, ಆಮೇಲೆ ಊರಿಗೆ ಬಂದು ಕಿರಾಣಿ ಅಂಗಡಿ. ಭೇಟಿಯಾದಾಗ, "ಒಂದರಾಗೂ ನಿಲ್ಲಲಿಲ್ರಿ ಸರ್" ಎಂದು ತಲೆ ತಗ್ಗಿಸುತ್ತಾರೆ. ಉದ್ಯೋಗ ಬದಲಿಸುವುದು ಸೋಲೇ? ಈ ಪ್ರಶ್ನೆಗೆ ನಮ್ಮ ಭಾಗದ ಇತಿಹಾಸದಲ್ಲಿಯೇ ಒಂದು ಉತ್ತರವಿದೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಶಿಕ್ಷಕರು, ಲೇಖಕರು. ಮಗ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಕಲಿತದ್ದು ವಿಜ್ಞಾನ. ಬಳಿಕ ಕಾನೂನು ಪದವಿ ಪಡೆದು, 1904ರಲ್ಲಿ ಬೆಳಗಾವಿಯಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಸ್ವಲ್ಪೇ ದಿನಗಳಲ್ಲಿ ವಿಜಾಪುರಕ್ಕೆ ಹೋಗಿ ಅಲ್ಲಿಯೇ ನೆಲೆನಿಂತರು. ಮುಂದೆ ಸರಕಾರಿ ವಕೀಲರೂ ಆದರು. ಅಂದಿನ ಕಾಲಕ್ಕೆ ಇದಕ್ಕಿಂತ ಭದ್ರವಾದ, ಮಾನದ ಉದ್ಯೋಗ ಇನ್ನೊಂದಿರಲಿಲ್ಲ.

ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ವಿಜಾಪುರ ಪದೇ ಪದೇ ಬರಗಾಲಕ್ಕೆ ತುತ್ತಾಗುತ್ತಿದ್ದ ಜಿಲ್ಲೆ. ಅಲ್ಲಿ ಶಾಲೆಗಳು ಕಡಿಮೆ, ಸಾಲದ ಹೊರೆ ಹೆಚ್ಚು. 1910ರಲ್ಲಿ ಅವರು ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ಮುಂದಾದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾದರು. ಹೀಗೆ ವಕೀಲರೊಬ್ಬರು ಶಿಕ್ಷಣ ಸಂಸ್ಥೆ ಕಟ್ಟಿ, ಬ್ಯಾಂಕ್ ಕಟ್ಟಿ, ಶಾಸನಸಭೆಗೂ ಹೋಗಿಬಂದರು.

ಇವೆಲ್ಲದರ ನಡುವೆ ಅವರ ಮನಸ್ಸು ಇನ್ನೊಂದು ಕೆಲಸದ ಕಡೆಗೆ ಎಳೆಯುತ್ತಿತ್ತು. ನಮ್ಮ ರಾಮದುರ್ಗ, ಸುರೇಬಾನಗಳಂತೆ ಬನಹಟ್ಟಿಯೂ ನೇಕಾರರ ಊರು. 1903ರಲ್ಲಿ ಅಲ್ಲಿಯ ಮಂಚಾಲೆ ಮನೆತನದಲ್ಲಿ ಅವರು ವಚನಗಳ ತಾಡವೋಲೆ ಕಟ್ಟುಗಳನ್ನು ಕಂಡಿದ್ದರು. ಅಂಥ ಕಟ್ಟುಗಳು ಎಷ್ಟೋ ಮನೆಗಳಲ್ಲಿ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು, ಓದುವವರಿರಲಿಲ್ಲ. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಸಂಗ್ರಹಿಸಿದರು, ಪ್ರತಿ ಮಾಡಿದರು, ಹೋಲಿಸಿ ನೋಡಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಪ್ರಕಟವಾಯಿತು. ಅದು ಅಚ್ಚಾದದ್ದು ನಮ್ಮ ಬೆಳಗಾವಿಯಲ್ಲಿ.

ಪರರ ಮುದ್ರಣಾಲಯವನ್ನು ನಂಬಿ ಇಷ್ಟು ದೊಡ್ಡ ಕೆಲಸ ಸಾಗದೆಂದು ಅವರು ವಾಸದ ಮನೆಯನ್ನೇ ಮಾರಿ, 1925ರಲ್ಲಿ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಆಗ ಅವರಿಗೆ ವಯಸ್ಸು 45. ಈಗ ಮೊಳೆ ಜೋಡಣೆ, ಕರಡು ತಿದ್ದುವುದು, ಕಾಗದದ ಖರ್ಚು ಎಲ್ಲವೂ ಅವರ ತಲೆಯ ಮೇಲೆಯೇ ಬಂದವು. 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ ಹೊರಬಂದವು. 1926ರಲ್ಲಿಯೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ವಚನಕಾರರೆಂದರೆ ಸುಮಾರು 50 ಮಂದಿ ಎಂದು ತಿಳಿದಿದ್ದ ನಾಡಿಗೆ 250ಕ್ಕೂ ಹೆಚ್ಚು ವಚನಕಾರರನ್ನು ಪರಿಚಯಿಸಿದವರು ಅವರು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಅವರು ಹಿಂದಿನ ಕೆಲಸದಲ್ಲಿ ಕಲಿತದ್ದು ಮುಂದಿನ ಕೆಲಸಕ್ಕೆ ಒದಗಿತು. ಸಾಕ್ಷಿ ಸಾಕ್ಷಿಗಳನ್ನು ತಾಳೆ ನೋಡುವುದು ವಕೀಲರ ರೂಢಿ. ಪಾಠ ಪಾಠಗಳನ್ನು ತಾಳೆ ನೋಡುವುದು ಸಂಶೋಧಕರ ರೂಢಿ. ಬ್ಯಾಂಕ್ ನಡೆಸಿದವರಿಗೆ ಲೆಕ್ಕಪತ್ರ ಹೊಸದಲ್ಲ. ಮುದ್ರಣಾಲಯಕ್ಕೂ ಅದೇ ಬೇಕು. ಹೊರಗಿನಿಂದ ನೋಡಿದರೆ ಹಲವು ಉದ್ಯೋಗ, ಒಳಗೆ ಒಂದೇ ದಾರಿ.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ವಕೀಲಿ ಹಿಂದೆ ಬಿತ್ತು, ಆದಾಯ ಇಳಿಯಿತು. ಮನೆ ಮಾರಿದ ನಿರ್ಧಾರದ ಭಾರವನ್ನು ಹೊತ್ತವರಲ್ಲಿ ಮನೆಯವರೂ ಇದ್ದರು. ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಗೌರವ ಡಾಕ್ಟರೇಟ್ ನೀಡಿದಾಗ ಅವರ ವಯಸ್ಸು 75 ದಾಟಿತ್ತು. 1964ರ ಜೂನ್ 29ರಂದು ಅವರು ನಿಧನರಾದರು. ಇಂದು ಅವರ ಜನ್ಮದಿನವನ್ನು ವಚನ ಸಂರಕ್ಷಣಾ ದಿನವೆಂದು ನಾಡು ಆಚರಿಸುತ್ತದೆ.

ಹಳಕಟ್ಟಿಯವರು ಬಯಸಿ ಉದ್ಯೋಗ ಬದಲಿಸಿದರು. ನಮ್ಮ ಊರಿನವರು ಮಳೆ ಕೈಕೊಟ್ಟಾಗ, ಮಗ್ಗ ನಿಂತಾಗ, ಮನೆಯ ಹೊಟ್ಟೆಗಾಗಿ ಬದಲಿಸಿದರು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಗೌಂಡಿ ಕೆಲಸದಲ್ಲಿ ಕಲಿತ ಅಳತೆ, ಗಾಡಿ ಹೊಡೆಯುವಾಗ ಕಲಿತ ಮರಾಠಿ, ಹಿಂದಿ ಇವು ಎಲ್ಲಿಯೂ ಹೋಗಿಲ್ಲ. ಅವು ಕೈಯಲ್ಲಿ, ಬಾಯಲ್ಲಿ ಉಳಿದಿವೆ. ತಲೆ ತಗ್ಗಿಸಬೇಕಾದ ಕಾರಣವಿಲ್ಲ.

ಈಗಿನ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಅಜ್ಜ, ಅಮ್ಮ, ಅಪ್ಪ, ಅವ್ವ ಯಾವ ಯಾವ ವರ್ಷ ಯಾವ ಯಾವ ಕೆಲಸ ಮಾಡಿದರು, ಒಂದನ್ನು ಏಕೆ ಬಿಟ್ಟರು, ಇನ್ನೊಂದನ್ನು ಯಾರಿಂದ ಕಲಿತರು ಎಂದು ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಜಗಲಿಯ ಮೇಲಿನ ತಾಡವೋಲೆಯಂತೆ ಆ ಚರಿತ್ರೆಯೂ ಓದುವವರಿಲ್ಲದೆ ಹಾಳಾಗಬಾರದು. ಶಾಲೆಯ ಮುಂದಿನ ಸ್ಮರಣ ಸಂಚಿಕೆಗೆ ಅದಕ್ಕಿಂತ ಒಳ್ಳೆಯ ಇತಿಹಾಸ ಲೇಖನ ಬೇರೆ ಇರಲಾರದು.