ಬೇಡವೆಂದರೂ ಬರುವ ನೆನಪು ಮತ್ತು ಖಿನ್ನತೆ

ಬೇಡವೆಂದರೂ ನುಗ್ಗಿ ಬರುವ ನೆನಪುಗಳನ್ನು ಮನೋವಿಜ್ಞಾನಿಗಳು ಬಹುಕಾಲ ಆಘಾತದ ಗುರುತೆಂದೇ ಕಂಡರು. 1979ರಲ್ಲಿ ಅಮೆರಿಕದ ಮಾರ್ಡಿ ಹೊರೊವಿಟ್ಸ್ ಮತ್ತು ಸಂಗಡಿಗರು ಇಂಥ ನೆನಪುಗಳ ಕಾಟವನ್ನೂ ಅವುಗಳಿಂದ ತಪ್ಪಿಸಿಕೊಳ್ಳುವ ಯತ್ನವನ್ನೂ ಅಳೆಯಲು 15 ಹೇಳಿಕೆಗಳ ಪ್ರಶ್ನಾವಳಿ ರೂಪಿಸಿದರು. ಮರುವರ್ಷ ಅಲ್ಲಿನ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಒತ್ತಡ) ಕಾಯಿಲೆಯಾಗಿ ಸೇರಿದಾಗ ಈ ನೆನಪುಗಳು ಅದರ ಮುಖ್ಯ ಲಕ್ಷಣವಾದವು. ಖಿನ್ನತೆಯ ಲಕ್ಷಣಗಳ ಪಟ್ಟಿಯಲ್ಲಿ ಅವಕ್ಕೆ ಜಾಗ ಸಿಗಲಿಲ್ಲ, ಇಂದಿಗೂ ಸಿಕ್ಕಿಲ್ಲ.

ಖಿನ್ನತೆಯ ಸಂಶೋಧಕರು ಆಗ ನೆನಪಿನ ಮಬ್ಬನ್ನು ಹುಡುಕುತ್ತಿದ್ದರು. 1986ರಲ್ಲಿ ಬ್ರಿಟನ್ನಿನ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್, ಆತ್ಮಹತ್ಯೆಗೆ ಯತ್ನಿಸಿದ್ದವರನ್ನು ಪರೀಕ್ಷಿಸಿದರು. ಒಂದು ನಿರ್ದಿಷ್ಟ ಘಟನೆ ಹೇಳಿ ಎಂದರೆ ಅವರಿಂದ ನಿರ್ದಿಷ್ಟತೆಯಿಲ್ಲದ ಸಾಮಾನ್ಯ ಉತ್ತರಗಳೇ ಹೆಚ್ಚಾಗಿ ಬಂದವು.

ಚಿತ್ರ ಬದಲಾದದ್ದು 1994ರಲ್ಲಿ. ವಿಲ್ಲೆಮ್ ಕೌಕೆನ್ ಮತ್ತು ಕ್ರಿಸ್ ಬ್ರೂಯಿನ್, ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾಗಿದ್ದ ಖಿನ್ನ ಮಹಿಳೆಯರ ಮುಂದೆ ಹೊರೊವಿಟ್ಸ್‌ರ ಪ್ರಶ್ನಾವಳಿಯನ್ನೇ ಇಟ್ಟರು. ಹೆಚ್ಚಿನವರನ್ನು ಆ ನೆನಪುಗಳು ಕಾಡುತ್ತಿದ್ದವು. ಅವನ್ನು ಹತ್ತಿಕ್ಕಲು ಅವರು ಹೆಣಗುತ್ತಿದ್ದರು. ಮುಂದಿನ ಅಧ್ಯಯನಗಳಲ್ಲಿ ಮನೆಯವರ ಸಾವು, ಕಾಯಿಲೆ, ಮುರಿದ ಸಂಬಂಧಗಳ ನೆನಪುಗಳೂ ಕಂಡವು. 1999ರಲ್ಲಿ ಬ್ರೂಯಿನ್ ತಂಡ ರೋಗಿಗಳ ಸ್ಥಿತಿಯನ್ನು ಆರು ತಿಂಗಳು ಗಮನಿಸಿತು. ಆರಂಭದಲ್ಲಿ ಇಂಥ ನೆನಪುಗಳ ಕಾಟ ಮತ್ತು ಅವನ್ನು ದೂರ ತಳ್ಳುವ ಯತ್ನ ಹೆಚ್ಚಿದ್ದವರಲ್ಲಿ ಖಿನ್ನತೆ ಮುಂದೆಯೂ ತೀವ್ರವಾಗಿರುವ ಸಂಭವ ಹೆಚ್ಚಿತ್ತು.

ನೆನಪು ಖಿನ್ನತೆಯನ್ನು ಬೆಳೆಸುವುದು ಹೇಗೆ? ಇದಕ್ಕೆ ಬೆಲೆಯುಳ್ಳ ಉತ್ತರ ಬಂದದ್ದು ಸಿಡ್ನಿಯಿಂದ. 2006ರಿಂದ ಮಿಶೆಲ್ ಮೋಲ್ಡ್ಸ್ ಮತ್ತು ಸಹೋದ್ಯೋಗಿಗಳು, ನೆನಪು ಎಷ್ಟು ಸಲ ಬರುತ್ತದೆ ಎಂಬುದರ ಜೊತೆಗೆ ವ್ಯಕ್ತಿ ಅದಕ್ಕೆ ಯಾವ ಅರ್ಥ ಕೊಡುತ್ತಾನೆ ಎಂದೂ ಕೇಳಿದರು. ಪಾತ್ರೆ ತೊಳೆಯುವಾಗ ತಾಯಿಯ ಕೊನೆಯ ದಿನ ಕಣ್ಣಮುಂದೆ ಬಂತು ಎಂದುಕೊಳ್ಳಿ. ‘ದುಃಖ ಇನ್ನೂ ಆರಿಲ್ಲ’ ಎಂದುಕೊಂಡವರು ಕೆಲಸ ಮುಂದುವರಿಸಬಹುದು. ‘ನನ್ನ ತಲೆ ಕೆಟ್ಟಿದೆ, ನಾನು ಕೈಲಾಗದವಳು’ ಎಂದುಕೊಂಡವರು ಅದನ್ನು ಅದುಮಲು ಹೋಗುತ್ತಾರೆ, ಇಲ್ಲವೇ ‘ಯಾಕೆ ಹೀಗಾಯಿತು’ ಎಂಬ ಕೊರಗಿಗೆ ಬೀಳುತ್ತಾರೆ. ಈ ಎರಡನೆಯ ಬಗೆಯ ಯೋಚನೆಗೂ ಖಿನ್ನತೆಗೂ ಗಟ್ಟಿ ನಂಟಿರುವುದು ಕಂಡುಬಂತು.

ಚಿಕಿತ್ಸೆಯೂ ಇದೇ ಹಾದಿ ಹಿಡಿಯಿತು. ಬ್ರೂಯಿನ್ ತಂಡ 2009ರಲ್ಲಿ ಹತ್ತು ರೋಗಿಗಳಿಗೆ ನೆನಪಿನ ದೃಶ್ಯವನ್ನು ಮರುರೂಪಿಸುವ ಚಿಕಿತ್ಸೆ ನೀಡಿತು. ಇದರಲ್ಲಿ ರೋಗಿ ಘಟನೆಯನ್ನು ಈಗಲೇ ನಡೆಯುತ್ತಿರುವಂತೆ ಕಲ್ಪಿಸಿಕೊಂಡು, ಅಂದು ದೊರೆಯದ ರಕ್ಷಣೆಯನ್ನೋ ಸಾಂತ್ವನವನ್ನೋ ಆ ದೃಶ್ಯದೊಳಗೆ ತರುತ್ತಾರೆ. ಹಲವರಲ್ಲಿ ಖಿನ್ನತೆ ಗಣನೀಯವಾಗಿ ಇಳಿಯಿತು. ಆದರೆ ಹೋಲಿಕೆಗೆ ಬೇರೊಂದು ಗುಂಪಿಲ್ಲದ ಸಣ್ಣ ಪ್ರಯೋಗವದು. ಅದು ಭರವಸೆ ಕೊಡುತ್ತದೆಯೇ ಹೊರತು ಅಂತಿಮ ತೀರ್ಪನ್ನಲ್ಲ.

ಕುಗ್ಗಿದ ಮನಸ್ಸು ಕಹಿ ನೆನಪನ್ನು ಕರೆಯುತ್ತದೆ, ಕಹಿ ನೆನಪು ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ಈ ಸುತ್ತನ್ನು ಮುರಿಯಬಹುದಾದ ಜಾಗ ನೆನಪಿಗೆ ನಾವು ಕೊಡುವ ಅರ್ಥದಲ್ಲಿದೆ. ಆದ್ದರಿಂದ ಖಿನ್ನತೆಗೆ ಚಿಕಿತ್ಸೆ ಕೊಡುವವರು ನಿದ್ದೆ, ಹಸಿವು ವಿಚಾರಿಸುವಾಗಲೇ ‘ಯಾವುದಾದರೂ ನೆನಪು ಕಾಡುತ್ತಿದೆಯೇ, ಅದು ಬಂದಾಗ ನಿಮಗೆ ನಿಮ್ಮ ಬಗ್ಗೆ ಏನನ್ನಿಸುತ್ತದೆ’ ಎಂದೂ ಕೇಳಬೇಕು. ಕೇಳದಿದ್ದರೆ, ನಾಚಿಕೆಯಿಂದ ಬಚ್ಚಿಟ್ಟವರು ತಾವಾಗಿ ಹೇಳುವುದು ಕಡಿಮೆ.